ನಾಯಿ ಬಿಡುವ ಸ್ಥಳ

ಎಳ್ಳುಂಡಿ ಅಂದರೆ ನಮ್ಮ ಓಣಿಯಲ್ಲಿ ಎಲ್ಲರ ಬಾಯಲ್ಲೂ ನೀರೂರುತ್ತದೆ. ನಾನೊಬ್ಬಳೇ ಮೂಗು ಮುಚ್ಚಿಕೊಳ್ಳುತ್ತೇನೆ. ಮೊನ್ನೆ ಎದುರುಮನೆಯವರು ಶ್ರಾವಣ ಬಂತೆಂದು ಆಗಷ್ಟೇ ಕಟ್ಟಿದ ಉಂಡಿಗಳನ್ನು ತಾಟಿನಲ್ಲಿಟ್ಟು, ಮೇಲೊಂದು ಕಾಗದ ಮುಚ್ಚಿ ಕಳಿಸಿದ್ದರು. ಕಾಗದ ಸರಿಸಿದೆ. ಹುರಿದ ಎಳ್ಳು, ಬೆಲ್ಲ, ಯಾಲಕ್ಕಿ. ಯಾವ ದೋಷವೂ ಇಲ್ಲ. ಆದರೆ ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಮಳೆಯ ವಾಸನೆಯ ಜೊತೆಗೆ ಈ ಬೆಲ್ಲದ ವಾಸನೆ ಕೂಡಿದ್ದೇ ತಡ, ಅಲ್ಲಿ ಇಲ್ಲದ ಮೂರನೆಯದೊಂದು ವಾಸನೆ ನನ್ನ ಮೂಗಿಗೆ ಬಂದು ಸೇರಿತು: ತೊಯ್ದ ನಾಯಿಯದು. ತಾಟನ್ನು ನಮ್ಮವರ ಮುಂದೆ ತಳ್ಳಿ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ. ಅವರು ತಾಟನ್ನು ಒಳಗೆ ಎತ್ತಿಟ್ಟರು. ಗುಡ್ಡದ ಬುಡದ ಉದ್ಯಾನಕ್ಕೆ ನಾನು ದಿನಾ ಹೋಗುತ್ತಿದ್ದ ವರ್ಷದ ಶ್ರಾವಣವನ್ನು ಅವರೂ ಕಂಡವರೇ.

ಆ ವರ್ಷ ನನಗೆ ಸಕ್ಕರೆ ಕಾಯಿಲೆ ಶುರುವಾಗಿತ್ತು. ಬೆಳಿಗ್ಗೆ ನಡೆಯಬೇಕು ಅಂದರು ಡಾಕ್ಟರು. ಗದಗಿನಲ್ಲಿ ನಡೆಯುವುದೆಂದರೆ ಆಟೋ, ಟಂಟಂ, ಹತ್ತಿ ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದುಕೊಂಡು ದಾರಿ ಮಾಡಿಕೊಳ್ಳುವುದು. ಅದೇ ಹೊತ್ತಿಗೆ ಊರ ಹೊರಗೆ ಗುಡ್ಡದ ಬುಡದಲ್ಲಿ ಒಂದು ಉದ್ಯಾನ ಆಯಿತು. ಮೊದಲೇ ಇದ್ದ ಬೇವು, ಹೊಂಗೆ, ತಪಸಿ ಗಿಡಗಳನ್ನು ಕಡಿಯದೆ ಅವುಗಳ ನಡುವೆಯೇ ಕೆಮ್ಮಣ್ಣಿನ ಕಾಲುದಾರಿಗಳನ್ನು ಎಳೆದಿದ್ದರು. ಒಳಗೆ ಹತ್ತು ಹೆಜ್ಜೆ ಹಾಕಿದರೆ ಊರು ಕಾಣಿಸುತ್ತಿರಲಿಲ್ಲ, ರೈಲಿನ ಕೂಗೊಂದು ಬಿಟ್ಟರೆ ಕೇಳಿಸುತ್ತಲೂ ಇರಲಿಲ್ಲ. ಗಾಳಿಗೆ ಬೇವಿನ ಎಲೆ ಉದುರಿ ದಾರಿಯೆಲ್ಲ ಹಾಸಿರುತ್ತಿತ್ತು. ಒಮ್ಮೊಮ್ಮೆ ನವಿಲು ಅಡ್ಡ ಬಂದು, ನಾವೇ ಅದರ ದಾರಿಯಲ್ಲಿ ಬಂದವರು ಎಂಬಂತೆ ನೋಡಿ ಹೋಗುತ್ತಿತ್ತು.

ನನ್ನ ಜೊತೆ ಬರುತ್ತಿದ್ದವರು ಪಕ್ಕದ ಮನೆಯ ಶಾರದಾ ಟೀಚರು. ಬೆಟಗೇರಿಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಬೋರ್ಡು ಅಂತ ಒಂದಿದ್ದರೆ ಅದನ್ನು ಓದದೆ, ಓದಿ ಅದರಲ್ಲಿ ತಪ್ಪು ಹುಡುಕದೆ ಮುಂದೆ ಹೆಜ್ಜೆ ಇಡುವವರಲ್ಲ. ಉದ್ಯಾನದ ಮೂಲೆಯಲ್ಲಿ ತಂತಿ ಬೇಲಿ ಹಾಕಿ, ಗೇಟು ಇಟ್ಟು, ನಾಯಿಗಳನ್ನು ಹಗ್ಗ ಬಿಚ್ಚಿ ಆಡಲು ಬಿಡುವುದಕ್ಕೆಂದೇ ಒಂದು ಜಾಗ ಮಾಡಿದ್ದರು. ಉದ್ಯಾನದ ಸಮಿತಿಯವರು ಯಾವುದೋ ದೊಡ್ಡ ಊರಿನಲ್ಲಿ ಅಂಥದನ್ನು ನೋಡಿ ಬಂದಿದ್ದರಂತೆ. ಗೇಟಿನ ಮೇಲೆ ಹಳದಿ ಬಣ್ಣದಲ್ಲಿ ದಪ್ಪಗೆ ಬರೆಸಿದ್ದರು: ನಾಯಿ ಬಿಡುವ ಸ್ಥಳ.

ಟೀಚರು ನಿಂತು ಓದಿದರು. ಮತ್ತೊಮ್ಮೆ ಓದಿದರು. ಗುಡಿಯ ಮುಂದೆ ‘ಚಪ್ಪಲಿ ಬಿಡುವ ಸ್ಥಳ’ ಅಂತ ಬರೆಯುವ ಪೇಂಟರನಿಗೇ ಇದನ್ನೂ ಕೊಟ್ಟಿರಬೇಕು ಅಂದರು. ನಾನು ನಕ್ಕೆ. ಅವರು ನಗಲಿಲ್ಲ. “ನಗಬ್ಯಾಡ ಗಿರಿಜಾ. ಚಪ್ಪಲಿ ಬಿಟ್ಟಾವ್ರು ಹೊಳ್ಳಿ ಬಂದು ಹಾಕ್ಕೊಂಡು ಹೋಗ್ತಾರ” ಅಂದರು.

ಮೊದಲು ಕೆಲವು ದಿನ ಅಲ್ಲಿಗೆ ಬರುತ್ತಿದ್ದುದು ದೊಡ್ಡ ಮನೆಗಳ ನಾಯಿಗಳು. ಅವುಗಳ ಧಣಿಗಳು ನಾಯಿಯ ಹತ್ತಿರ ಇಂಗ್ಲೀಷ್, ನಮ್ಮ ಹತ್ತಿರ ಕನ್ನಡ ಮಾತಾಡುತ್ತಿದ್ದರು. ಊರ ಜನ ಬೇಲಿಗೆ ಆತು ನಿಂತು ಸರ್ಕಸ್ ನೋಡಿದ ಹಾಗೆ ನೋಡುತ್ತಿದ್ದರು. ಮೃಗಶಿರಾ ಮಳೆ ಒಂದೆರಡು ಹನಿ ಉದುರಿಸಿ ಹೋದ ಮೇಲೆ ಒಂದು ಬೆಳಿಗ್ಗೆ ಶಿರಹಟ್ಟಿ ಕಡೆಯವನೊಬ್ಬ ಟಂಟಂ ತಂದು ನಿಲ್ಲಿಸಿದ. ಮುದಿ ನಾಯಿಯೊಂದನ್ನು ಇಳಿಸಿ, ಗೇಟಿನೊಳಗೆ ತಳ್ಳಿ, ಕೊಂಡಿ ಹಾಕಿ, ಕೈ ಜಾಡಿಸಿಕೊಂಡ. ಟಂಟಂ ಹತ್ತುವವನನ್ನು ನಾನೇ ತಡೆದೆ.

“ಯಾಕಪಾ, ಬಿಟ್ಟು ಹೊಂಟೆಲ್ಲ?”

“ಬಿಡೂ ಜಾಗಾ ಇದ ಅಲ್ಲೇನ್ರಿ ಯಕ್ಕಾರ?”

“ಆಡಾಕ ಬಿಡೂದಪಾ. ಆಡಿದ ಮ್ಯಾಲೆ ಮನಿಗೆ ಕರಕೊಂಡು ಹೋಗೂದು.”

ಅವನು ತಲೆಯೆತ್ತಿ ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿದ. “ಕರಕೊಂಡು ಹೋಗೂದು ಅಂತ ಎಲ್ಲಿ ಬರದಾರ್ರಿ?” ಅಂದ. ಟೀಚರು ನನ್ನ ಮುಖ ನೋಡಿದರು. ಟಂಟಂ ಹೋಯಿತು. ಆ ನಾಯಿ ಬೇಲಿಯ ತಂತಿಗೆ ಮೂಗು ಹಚ್ಚಿಕೊಂಡು, ರಸ್ತೆಯಲ್ಲಿ ಟಂಟಂನ ಹೊಗೆ ಕರಗುವವರೆಗೂ ನಿಂತಿತ್ತು.

ಅವನೊಬ್ಬ ತಿಳಿಯದೆ ಮಾಡಿದ ಅಂದುಕೊಳ್ಳೋಣ. ಆಮೇಲೆ ಬಂದವರಿಗೆ ತಿಳಿಯದೇ ಇರಲಿಲ್ಲ. ಸಂತೆಯಿಂದ ಸಂತೆಗೆ ಸುದ್ದಿ ಹೋಯಿತು: ಗದಗಿನಲ್ಲಿ ನಾಯಿ ಬಿಡಲಿಕ್ಕೆ ಜಾಗ ಮಾಡಿದ್ದಾರೆ, ಯಾರೂ ಕೇಳುವುದಿಲ್ಲ. ಲಕ್ಷ್ಮೇಶ್ವರದಿಂದ ಬಂದರು, ಮುಂಡರಗಿ ಕಡೆಯಿಂದ ಬಂದರು, ಇಲ್ಲೇ ಬೆಟಗೇರಿಯವರು ಸ್ಕೂಟರಿನ ಮೇಲೆ ಕಾಲ ಸಂದಿಯಲ್ಲಿ ಇಟ್ಟುಕೊಂಡು ಬಂದರು. ಕುಂಟ ನಾಯಿ, ಕಜ್ಜಿ ನಾಯಿ, ಬಸುರಿ ನಾಯಿ. ಗೊಬ್ಬರದ ಚೀಲದ ಬಾಯಿ ಕಟ್ಟಿ ಬೇಲಿಯ ಮೇಲಿಂದ ಒಳಗೆ ಎಸೆದು ಹೋದದ್ದು ಕಲ್ಲೋ ಮಣ್ಣೋ ಅಂದುಕೊಂಡೆವು, ಬಿಚ್ಚಿದರೆ ಕಣ್ಣು ಬಿಡದ ಮರಿಗಳು. ಎರಡು ಅಲ್ಲಾಡುತ್ತಿದ್ದವು. ಉಳಿದವು ಅಲ್ಲಾಡುತ್ತಿರಲಿಲ್ಲ.

ಆರಿದ್ರಾ ಮಳೆ ಹಿಡಿಯಿತು ನೋಡಿ, ಆ ಮೂಲೆಗೆ ಹೋಗುವ ಹಾಗೇ ಇರಲಿಲ್ಲ. ಜನ ಪ್ಲಾಸ್ಟಿಕ್ ಚೀಲದಲ್ಲಿ ಅನ್ನ ಸಾರು ಕಟ್ಟಿ ತಂದು, ಚೀಲ ಬಿಚ್ಚುವಷ್ಟೂ ಕೈ ಹೊಲಸಾಗಬಾರದೆಂದು ಹಾಗೆಯೇ ಎಸೆಯುತ್ತಿದ್ದರು. ನಾಯಿಗಳು ಚೀಲದ ಸಮೇತ ತಿನ್ನುತ್ತಿದ್ದವು. ಹಳಸಿದ ಅನ್ನ, ಹೇಲು, ಕೀವು, ಅದರ ಮೇಲೆ ಸಮಿತಿಯವರು ಚೆಲ್ಲಿಸಿದ ಬಿಳಿ ಪುಡಿ. ಎಲ್ಲ ಮಳೆಗೆ ಕಲಸಿ ಗಂಜಿಯಾಗಿ ಕಾಲುದಾರಿಗೆ ಹರಿದು ಬರುತ್ತಿತ್ತು. ಬೇವಿನ ಎಲೆಯ ಮೇಲೆ ಕಾಲಿಟ್ಟೆನೆಂದುಕೊಂಡು ಹುಳದ ಮೇಲೆ ಕಾಲಿಟ್ಟು, ಮನೆಗೆ ಬಂದು ಚಪ್ಪಲಿಯನ್ನೇ ತಿಪ್ಪೆಗೆ ಒಗೆದಿದ್ದೇನೆ.

ಅದಕ್ಕಿಂತ ಹೆಚ್ಚು ಹೇಸಿಗೆಯಾಗುತ್ತಿದ್ದುದು ಬಿಡಲು ಬಂದವರ ಮರ್ಯಾದೆಯನ್ನು ನೋಡಿ. ಒಬ್ಬಾಕೆ ಕಾರಿನಿಂದ ಇಳಿದು ತನ್ನ ನಾಯಿಯ ಹಣೆಗೆ ಕುಂಕುಮ ಹಚ್ಚಿ, ಬೆಲ್ಲ ತಿನ್ನಿಸಿ, ಕೈ ಮುಗಿದು ಒಳಗೆ ಬಿಟ್ಟಳು. ಮಗಳನ್ನು ಗಂಡನ ಮನೆಗೆ ಕಳಿಸುವವಳ ಹಾಗೆ ಕಣ್ಣು ಒರೆಸಿಕೊಂಡಳು. ಇನ್ನೊಬ್ಬ ಬಿಟ್ಟ ಮೇಲೆ ಬೇಲಿಯ ಹೊರಗೆ ನಿಂತು ಅದರ ಜೊತೆ ಫೋಟೋ ತೆಗೆಸಿಕೊಂಡ. ಸಮಿತಿಯವರ ಹತ್ತಿರ ನಾವು ಹೋದಾಗ ಅವರು ಬಹಳ ಸಮಾಧಾನದಿಂದ, ಬೋರ್ಡಿನಲ್ಲಿ ವ್ಯಾಕರಣ ದೋಷ ಇಲ್ಲವಲ್ಲ ಟೀಚರೇ ಅಂದರು.  ಆವತ್ತು ಮನೆಗೆ ಬರುವ ದಾರಿಯುದ್ದಕ್ಕೂ ನಾನು ಬೈದೆ. ಇವರನ್ನೆಲ್ಲ ಹೆತ್ತವರು ಎಂಥವರೋ, ಇವರ ಮನೆಯಲ್ಲಿ ಒಂದು ತುತ್ತು ಅನ್ನ ಗಂಟಲಲ್ಲಿ ಹೇಗೆ ಇಳಿಯುತ್ತದೋ ಅಂದೆ.

ಇಷ್ಟರಲ್ಲಿ ನಾಗರ ಪಂಚಮಿ ಬಂತು. ನನ್ನ ತವರು ಮುಂಡರಗಿ. ಅಪ್ಪ ಇಲ್ಲ, ಅವ್ವ ಹೋಗಿ ಆಗ ಎರಡು ವರ್ಷ. ತವರು ಅಂತ ಉಳಿದಿದ್ದು ಒಬ್ಬ ಅಣ್ಣ, ಶೇಖರಣ್ಣ, ಅವನ ಹೆಂಡತಿ, ಮತ್ತೆ ಕೆಂಚಿ. ಕೆಂಚಿ ಅವ್ವನ ನಾಯಿ. ಹೆಸರಿಗೆ ತಕ್ಕ ಹಾಗೆ ಕೆಂಚು ಬಣ್ಣ, ಒಂದು ಕಿವಿ ಮಡಚಿದ್ದು. ಅವ್ವನ ಕೊನೆಯ ದಿನಗಳಲ್ಲಿ ಮಂಚದ ಕೆಳಗೆ ಮಲಗಿ, ಅವ್ವ ಕೆಮ್ಮಿದರೆ ಹೊರಗೆ ಬಂದು ಅಣ್ಣನ ಕಾಲಿಗೆ ಮೂಗು ತಿವಿದು ಎಬ್ಬಿಸುತ್ತಿತ್ತು. ಅವ್ವ ಹೋದ ಮೇಲೆ ಅದು ಅಣ್ಣನಿಗೆ ಅಂಟಿಕೊಂಡಿತು. ಅವನ ಪಿಕಪ್ ಗಾಡಿಯ ಸದ್ದು ಓಣಿಯ ತುದಿಯಲ್ಲಿ ಕೇಳಿದರೆ ಮಲಗಿದಲ್ಲೇ ಬಾಲ ನೆಲಕ್ಕೆ ಬಡಿಯುತ್ತಿತ್ತು. ಅವ್ವನ ಹಳೆಯ ಸೀರೆಗಳನ್ನು ಅತ್ತಿಗೆ ಯಾರಿಗೋ ಕೊಟ್ಟಿದ್ದಳು, ಮಂಚ ಮಾರಿದ್ದಳು, ನೆಲಕ್ಕೆ ಟೈಲ್ಸ್ ಹಾಕಿಸಿದ್ದಳು. ಆ ಮನೆಯಲ್ಲಿ ಅವ್ವನ ಕೈ ಸವರಿದ್ದು ಅಂತ ಉಳಿದದ್ದು ಕೆಂಚಿಯ ಬೆನ್ನು ಒಂದೇ.

ಪಂಚಮಿಗೆ ಅಣ್ಣ ಬಂದು ಕರೆದುಕೊಂಡು ಹೋಗಬೇಕು, ಅದು ನಮ್ಮ ಕಡೆಯ ರೀತಿ. ಅಣ್ಣ ತಪ್ಪಿಸಿದವನಲ್ಲ. ಆ ವರ್ಷವೂ ಹಬ್ಬದ ಹಿಂದಿನ ದಿನ ಉಂಡಿಗಳ ಡಬ್ಬಿ ಹಿಡಿದುಕೊಂಡು ಬಂದ. ತೊಯ್ದಿದ್ದ. ಬಂದವನೇ ಹಿತ್ತಲಿಗೆ ಹೋಗಿ ಸೋಪು ಹಚ್ಚಿ ಮೊಳಕೈವರೆಗೆ ಕೈ ತೊಳೆದುಕೊಂಡ. ಚಹಾ ಕುಡಿಯುತ್ತ, ನಿಮ್ಮ ಅತ್ತಿಗಿ ನಿನಗಂತನ ಎಳ್ಳುಂಡಿ ಮಾಡ್ಯಾಳ, ಒಂದು ತಿನ್ನು ಅಂದ. ಸಕ್ಕರೆ ಕಾಯಿಲೆಯನ್ನು ಬದಿಗಿಟ್ಟು ಕಚ್ಚಿದೆ. ನಾಲಿಗೆಗೆ ಕೂದಲು ಸಿಕ್ಕಿತು. ತೆಗೆದು ನೋಡಿದರೆ ಗಿಡ್ಡನೆಯ ಕೆಂಚು ಕೂದಲು. ಅತ್ತಿಗೆ ತಲೆಗೆ ಮೆಹಂದಿ ಹಚ್ಚಿಕೊಳ್ಳುತ್ತಾಳಲ್ಲ ಎಂದುಕೊಂಡು, ಅಣ್ಣನಿಗೆ ಬೇಸರವಾಗಬಾರದೆಂದು ಸುಮ್ಮನೆ ಸೆರಗಿಗೆ ಒರೆಸಿ ಉಳಿದದ್ದನ್ನು ನುಂಗಿದೆ.

ಗಾಡಿಯಲ್ಲಿ ಮುಂದಿನ ಸೀಟು ಹಸಿಯಾಗಿತ್ತು. ವಾಸನೆ ಬರುತ್ತಿತ್ತು. ಕೇಳಿದರೆ, ಮಳೆಯ ನೀರು ಒಳಗೆ ಇಳಿದಿದೆ ಅಂದ. ಡಂಬಳ ದಾಟುವವರೆಗೂ ಹೆಸರುಕಾಳಿನ ಪೀಕು ಈ ಸಲ ಹೇಗಿದೆ, ರೇಟು ಏನಾದೀತು ಅಂತ ಹೇಳುತ್ತ ಬಂದ. ಮನೆ ಮುಟ್ಟಿದ ಮೇಲೆ ಕೆಂಚಿ ಎಲ್ಲಿ ಅಂದೆ. ಹೊಲದಾಗ ಅದಾಳ ಅಂದಳು ಅತ್ತಿಗೆ. ಅಣ್ಣ ಗಾಡಿಯ ಮೇಲೆ ತಾಡಪತ್ರಿ ಮುಚ್ಚಲು ಹೊರಗೆ ಹೋದ.

ಮರುದಿನ ನಾಗಪ್ಪನಿಗೆ ಹಾಲು ಹಾಕುವುದು. ಒಣ ಕೊಬ್ಬರಿಯ ಬಟ್ಟಲಲ್ಲಿ ಹಾಲು ತುಂಬಿ, ಮನೆಯ ಒಬ್ಬೊಬ್ಬರ ಹೆಸರು ಹೇಳಿ ಅವರ ಪಾಲು ಅಂತ ಹುತ್ತದ ಮಣ್ಣಿನ ನಾಗಪ್ಪನ ಮೇಲೆ ಬಿಡಬೇಕು. ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು. ಸತ್ತವರಿಗೂ ಇದೆ, ಇದ್ದವರಿಗೂ ಇದೆ. ಅವ್ವ ಇದ್ದಾಗ ಎಲ್ಲರದೂ ಮುಗಿದ ಮೇಲೆ ಕೊನೆಗೆ ಒಂದು ಹನಿ, ಕೆಂಚಿ ಪಾಲು ಅನ್ನುತ್ತಿದ್ದಳು. ನಾನೂ ಆ ರೂಢಿಯಿಂದಲೇ ಬಟ್ಟಲು ಎತ್ತಿ, ಕೆಂಚಿ ಪಾಲು ಅಂದೆ.

ಅತ್ತಿಗೆ ಹಾಲಿನ ತಂಬಿಗೆಯನ್ನು ಹಿಂದಕ್ಕೆ ತೆಗೆದುಕೊಂಡಳು. “ಆಕಿ ಪಾಲು ಯಾಕ ಗಿರಿಜವ್ವ ಈಗ” ಅಂದಳು, ಅಂದು ನಕ್ಕಳು. ಏನೋ ಆಗಿದೆ ಎಂದು ಆ ನಗೆಯಲ್ಲೇ ನನಗೆ ತಿಳಿಯಿತು. ಸತ್ತಳೇನು ಅಂದೆ. ಅತ್ತಿಗೆ ಅಣ್ಣನ ಕಡೆ ನೋಡಿದಳು. ಅಣ್ಣ ಮಡಿ ಉಟ್ಟುಕೊಂಡು, ಹಣೆಗೆ ಅಡ್ಡ ವಿಭೂತಿ ಬಳಿದುಕೊಂಡು ನಾಗಪ್ಪನ ಮುಂದೆ ಕೂತಿದ್ದ.

“ಕೊಂದಿಲ್ಲ, ಹೊಡದಿಲ್ಲ ತಂಗಿ. ಮೈಯೆಲ್ಲ ಕಜ್ಜಿ ಆಗಿತ್ತು, ಹೊಸಾ ನೆಲದ ಮ್ಯಾಲೆ ಎಲ್ಲಾ ಕೂದಲು. ನಿಮ್ಮ ಊರಾಗ ಬಿಡೂ ಜಾಗಾ ಮಾಡ್ಯಾರಲ್ಲ, ಅಲ್ಲೇ ಬಿಟ್ಟು ಬಂದೆ. ನಿನ್ನ ಕರಿಯಾಕ ಹೆಂಗೂ ಬರೂದಿತ್ತು. ಒಂದ ಖೇಪಿನಾಗ ಎರಡೂ ಕೆಲಸ ಆತು.”

ಹಸಿ ಸೀಟು. ಮೊಳಕೈವರೆಗೆ ತೊಳೆದ ಕೈ. ಮುಂದಿನ ಸೀಟಿನಲ್ಲಿ ಉಂಡಿ ಡಬ್ಬಿಯ ಪಕ್ಕ ಕೂತು, ಅಣ್ಣನ ಜೊತೆ ಗಾಡಿಯಲ್ಲಿ ಹೊರಟೆನೆಂದು ಕಿಟಕಿಯಲ್ಲಿ ಮೂಗಿಟ್ಟು ಗದಗಿನವರೆಗೂ ಖುಷಿಯಿಂದ ಬಂದಿದೆ ಅದು. ಇಳಿದ ಜಾಗದಲ್ಲಿ ಅದನ್ನು ಬಿಟ್ಟು, ಅದೇ ಸೀಟಿನಲ್ಲಿ ನನ್ನನ್ನು ಕೂಡಿಸಿಕೊಂಡು ಬಂದಿದ್ದಾನೆ. ನಾನು ನುಂಗಿದ್ದು ಏನೆಂದು ಆಗ ಗೊತ್ತಾಯಿತು. ಅಂಗಳದ ಮೂಲೆಗೆ ಓಡಿ ವಾಂತಿ ಮಾಡಿದೆ. ಉಪವಾಸದ ಹೊಟ್ಟೆ, ಬಂದದ್ದು ಕಹಿ ನೀರು ಮಾತ್ರ.

ಹಬ್ಬದ ದಿನ ಮನೆಯ ಮಗಳು ಉಣ್ಣದೆ ಹೊಸ್ತಿಲು ದಾಟಬಾರದೆಂದು ಅತ್ತಿಗೆ ಕೈ ಹಿಡಿದಳು. ಹೊಸ್ತಿಲನ್ನೂ ಹೊಸದಾಗಿ ಟೈಲ್ಸಿನದೇ ಮಾಡಿಸಿದ್ದರು. ದಾಟಿದೆ. ಬಸ್ ಸ್ಟ್ಯಾಂಡಿಗೆ ನಡೆದು ಗದಗಿನ ಬಸ್ಸು ಹತ್ತಿದೆ. ಹಬ್ಬದ ಗರ್ದಿಯಲ್ಲಿ ಯಾರೋ ಸರಿದು ಜಾಗ ಕೊಟ್ಟರು. ಸ್ವಲ್ಪ ದೂರ ಹೋದ ಮೇಲೆ ನೋಡಿದರೆ ಅಣ್ಣನ ಪಿಕಪ್ಪು ಬಸ್ಸಿನ ಹಿಂದೆಯೇ ಬರುತ್ತಿದೆ. ಬಸ್ಸು ನಿಂತಲ್ಲೆಲ್ಲ ಅವನೂ ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾನೆ, ಇಳಿ ತಂಗಿ, ಗಾಡ್ಯಾಗ ಹೋಗೂಣು ಅನ್ನುತ್ತಾನೆ. ಮೂರನೆಯ ಸಲಕ್ಕೆ ಕಂಡಕ್ಟರು ನನ್ನನ್ನು ಕೇಳಿದ.

“ಯಾರವಾ ಅಂವಾ?”

“ನಮ್ಮಣ್ಣ.”

“ಹಬ್ಬಕ್ಕ ಕರಿಯಾಕ ಬೆನ್ನು ಹತ್ಯಾನೇನು?”

“ಕರದದ್ದು ಆತಪಾ. ಟಿಕೀಟ ಕೊಡು.”

ಉದ್ಯಾನ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಹಬ್ಬವಾದ್ದರಿಂದ ಒಳಗೆ ನಡೆಯುವವರು ಯಾರೂ ಇರಲಿಲ್ಲ. ಕಾಲುದಾರಿಯಲ್ಲಿ ಬಿಳಿ ಗಂಜಿ ಹರಿಯುತ್ತಿತ್ತು. ಸೆರಗು ಮೂಗಿಗೆ ಹಿಡಿದುಕೊಂಡು ಬೇಲಿಯ ಸುತ್ತ ನಡೆದೆ. ಎಷ್ಟೊಂದು ನಾಯಿಗಳು ತಂತಿಯ ಉದ್ದಕ್ಕೂ ನನ್ನ ಜೊತೆ ನಡೆದವು, ಒಂದೊಂದೂ ನಾನು ತನಗಾಗಿಯೇ ಬಂದವಳೇನೋ ಎಂದು ಮುಖ ಎತ್ತಿ ನೋಡಿತು. ಕೆಂಚಿ ಅವುಗಳ ಜೊತೆ ಇರಲಿಲ್ಲ. ಗೇಟಿನ ಒಳಮೂಲೆಯಲ್ಲಿ, ರಸ್ತೆಯ ಕಡೆಗೆ ಮುಖ ಮಾಡಿಕೊಂಡು ಕೂತಿತ್ತು. ಕಿವಿಯ ಬುಡದಲ್ಲಿ ಬೇರೆ ನಾಯಿ ಕಚ್ಚಿದ ಗಾಯ. ಅದರ ಮೇಲೆ ನೊಣ.

ಕೆಂಚಿ ಅಂದೆ. ತಿರುಗಿತು. ಗೇಟು ತೆಗೆದು ಒಳಗೆ ಹೋದಾಗ ನನ್ನ ಕೈ ಮೂಸಿತು, ಬಾಲದ ತುದಿ ಒಂದಿಷ್ಟು ಆಡಿತು. ಗುರುತು ಹಿಡಿಯಿತು. ಹಿಡಿದು, ನೀನಲ್ಲ ಎಂಬಂತೆ ಮತ್ತೆ ರಸ್ತೆಯ ಕಡೆಗೆ ಮುಖ ತಿರುಗಿಸಿತು. ಕರೆದೆ, ರಮಿಸಿದೆ, ಮುಂಗಾಲು ಹಿಡಿದು ಎಳೆದೆ. ಕೆಸರಿನಲ್ಲಿ ಅಡ್ಡ ಮಲಗಿಬಿಟ್ಟಿತು. ಹೋದವನು ಇಲ್ಲಿಗೇ ಬರುತ್ತಾನೆ, ತಾನು ಜಾಗ ಬಿಟ್ಟರೆ ಅವನಿಗೆ ಸಿಗುವುದಿಲ್ಲ ಎಂದು ಅದರ ಲೆಕ್ಕ.

ಬಂದ. ಪಿಕಪ್ಪಿನ ಸದ್ದು ತಿರುವಿನಲ್ಲಿ ಕೇಳಿದ್ದೇ ತಡ ಕೆಂಚಿ ಎದ್ದು ಗೇಟಿಗೆ ಹಾರಿತು. ಮುದಿ ಸೊಂಟ, ಬಿತ್ತು, ಮತ್ತೆ ಎದ್ದಿತು. ಅಣ್ಣ ಇಳಿದು ಗೇಟಿನೊಳಗೆ ಬಂದಾಗ ಅದು ಅವನ ಕಾಲ ಸುತ್ತ ಸುತ್ತಿ, ಕುಂಯ್‌ಗುಟ್ಟಿ, ಹಿಗ್ಗು ತಡೆಯಲಾರದೆ ಅವನ ಪಾದದ ಮೇಲೆ ಉಚ್ಚೆ ಹೊಯ್ದುಕೊಂಡಿತು. ಅವನ ಕೈ ನೆಕ್ಕಿತು. ಅವನು ಕೈಯನ್ನು ಹಬ್ಬದ ಧೋತರಕ್ಕೆ ಒರೆಸಿಕೊಂಡ. ಅವನ ಮುಖದಲ್ಲಿ ಏನಾದರೂ ಕಾಣಿಸೀತೇನೋ ಎಂದು ನೋಡುತ್ತ ನಿಂತೆ. ಇವನು ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೊಲ ತೋರಿಸಿದವನು.

“ನೋಡು, ಆರಾಮ ಐತಿ” ಅಂದ ಅಣ್ಣ. “ನೀ ಸುಮ್ಮನ ಉಪವಾಸ ಬಂದಿ.”

 ಇಷ್ಟು ದಿನ ಯಾರ್ಯಾರಿಗೋ ಎಷ್ಟೆಷ್ಟೋ ಬೈದಿದ್ದೆ. ಇವನಿಗೆ ಉಳಿದಿದ್ದು ಒಂದೇ ಮಾತು, ಅದನ್ನೂ ಬೇಡಿಕೊಂಡ ಹಾಗೆ ಅನ್ನಬೇಕಾಯಿತು. “ಅದು ನನ್ನ ಮಾತು ಕೇಳವಲ್ದು. ಗಾಡ್ಯಾಗ ಹಾಕ್ಕೊಂಡು ನಮ್ಮ ಮನಿಗೆ ಬಿಡು, ಇಲ್ಲೇ ಇಟ್ಟಕೋತೀನಿ” ಅಂದೆ. ಅವನಿಗೆ ಹಗುರವಾಯಿತು, ಅದು ಮುಖದಲ್ಲಿ ಕಂಡಿತು. ಮೊದಲ ಹೇಳಿದ್ದರ ಇಷ್ಟೆಲ್ಲಾ ಆಗತಿದ್ದಿಲ್ಲಲ್ಲ ಅಂದ. ಗಾಡಿಯ ಬಾಗಿಲು ತೆಗೆದು ಒಂದು ಸೀಟಿ ಹೊಡೆದ. ಕೆಂಚಿಗೆ ಹತ್ತಲಾಗಲಿಲ್ಲ. ಎತ್ತಿ ಇಟ್ಟ. ಮುಂದಿನ ಸೀಟಿನಲ್ಲಿ ಅದು ತನ್ನ ಜಾಗದಲ್ಲಿ ಕೂತು ಕಿಟಕಿಗೆ ಮೂಗು ಹಚ್ಚಿತು. ನಾನು ಹಿಂದೆ ತಾಡಪತ್ರಿಯ ಕೆಳಗೆ ಖಾಲಿ ಚೀಲಗಳ ಮೇಲೆ ಕೂತು ಬಂದೆ.

ಮನೆಯ ಮುಂದೆ ಕೆಂಚಿ ಇಳಿಯಲೊಲ್ಲದು. ಅಣ್ಣ ಇಳಿದರೆ ಇಳಿಯುತ್ತದೆ, ಅವನು ಹತ್ತಲು ಹೋದರೆ ತಾನೂ ಕಾಲೆತ್ತುತ್ತದೆ. ಕೊನೆಗೆ ಅಣ್ಣ ಒಳಗೆ ಬಂದು ಪಡಸಾಲೆಯಲ್ಲಿ ಕೂತ. ಅದು ಅವನ ಕಾಲ ಬಳಿ ಸುತ್ತಿ ಮಲಗಿತು. ನಮ್ಮವರು ಗಾಯಕ್ಕೆ ಅರಿಸಿನ ಎಣ್ಣೆ ತಂದು ಹಚ್ಚಿ, ಅದರ ಕೊರಳಿಗೆ ಒಂದು ಹಗ್ಗ ಕಟ್ಟಿದರು. ಅಣ್ಣನಿಗೆ ತಾಟು ಹಾಕಲೇ ಎಂದು ನಾನು ಕೇಳಲಿಲ್ಲ. ಹಬ್ಬದ ದಿನ ಬಾಗಿಲಿಗೆ ಬಂದ ಅಣ್ಣನಿಗೆ ಒಂದು ಲೋಟ ನೀರು ಮಾತ್ರ ಕೊಟ್ಟವಳು ನಮ್ಮ ಓಣಿಯಲ್ಲಿ ನಾನೊಬ್ಬಳೇ ಇರಬೇಕು. ಅವನು ನೀರು ಕುಡಿದ. ಮಳೆ ನಿಂತಿತ್ತು. ಕೆಂಚಿಯ ಹೊಟ್ಟೆ ಮೆಲ್ಲಗೆ ಏರಿ ಇಳಿಯುತ್ತಿತ್ತು, ಕಣ್ಣು ಮುಚ್ಚಿತ್ತು.

ದೀಪ ಹಚ್ಚುವ ಹೊತ್ತಾದಾಗ ಅಣ್ಣ ನನ್ನ ಕಡೆ ಬಾಗಿ ಪಿಸುಗುಟ್ಟಿದ. “ನಿದ್ದಿ ಹತ್ತೇತಿ. ನಾ ಹೊಂಡ್ತೀನಿ. ನೀ ಹಗ್ಗಾ ಗಟ್ಟಿ ಹಿಡಕೋ.”

ಹಿಡಿದುಕೊಂಡೆ. ಅವನು ಕಾಲನ್ನು ಅದರ ಮೂಗಿನ ಹತ್ತಿರದಿಂದ ಬೆರಳು ಬೆರಳಾಗಿ ಹಿಂದಕ್ಕೆ ತೆಗೆದುಕೊಂಡು, ತುದಿಗಾಲಲ್ಲಿ ಪಡಸಾಲೆ ದಾಟಿ, ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ಹೋದ. ಇಂಜಿನ್ ಚಾಲೂ ಮಾಡದೆ ಗಾಡಿಯನ್ನು ಇಳಿಜಾರಿನಲ್ಲಿ ಹಾಗೆಯೇ ಜಾರಲು ಬಿಟ್ಟ. ಓಣಿಯ ತುದಿಯಲ್ಲಿ ಅದು ಚಾಲೂ ಆದ ಸದ್ದು ಕೇಳಿತು.

ಕೆಂಚಿ ಏಳುತ್ತದೆ, ಎಳೆಯುತ್ತದೆ ಎಂದು ನಾನು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಕೂತಿದ್ದೆ. ಅದರ ಮಡಚಿದ ಕಿವಿ ಒಮ್ಮೆ ಎದ್ದಿತು. ಎದ್ದು, ಸದ್ದು ಮುಖ್ಯ ರಸ್ತೆಗೆ ಸೇರುವವರೆಗೂ ಹಾಗೆಯೇ ನಿಂತು, ಮಡಚಿಕೊಂಡಿತು. ತಲೆ ಎತ್ತಲಿಲ್ಲ. ಬಾಲ ನೆಲಕ್ಕೆ ಬಡಿಯಲಿಲ್ಲ. ಕಣ್ಣು ತೆರೆದು, ಅವನು ಕೂತಿದ್ದ ಜಾಗದ ಬರಿ ನೆಲವನ್ನು ನೋಡುತ್ತ ಮಲಗಿತ್ತು. ಅದಕ್ಕೆ ನಿದ್ದೆ ಹತ್ತಿಯೇ ಇರಲಿಲ್ಲ.